ಐದು ಪುಸ್ತಕಗಳ ಹೊರಗೆ ಉಳಿದ ಬದುಕು: ಕರಾವಳಿಯ ಕಥೋಲಿಕ ಅಜ್ಜಿಯನ್ನು ನೆನೆಯುವ ಬಗೆ

1614ರಲ್ಲಿ ಪ್ರಕಟವಾದ ರೋಮನ್ ವಿಧಿಗ್ರಂಥವು, ಅಂದರೆ ಸಂಸ್ಕಾರಗಳನ್ನು ನಡೆಸುವ ಕ್ರಮವನ್ನು ಕಥೋಲಿಕ ಧರ್ಮಸಭೆಗೆ ಗೊತ್ತುಪಡಿಸಿದ ಕೈಪಿಡಿಯು, ಪ್ರತಿ ಧರ್ಮಕೇಂದ್ರದ ಗುರುವೂ ಐದು ಪುಸ್ತಕಗಳನ್ನು ಇಡಬೇಕೆಂದು ಹೇಳಿ, ಅವುಗಳಲ್ಲಿ ಏನೇನು ಬರೆಯಬೇಕೆಂಬುದರ ಮಾದರಿಯನ್ನೂ ಕೊಟ್ಟಿತು. ಜ್ಞಾನಸ್ನಾನದ್ದು ಒಂದು, ದೃಢೀಕರಣದ್ದು ಒಂದು, ಮದುವೆಯದು ಒಂದು, ಮರಣದ್ದು ಒಂದು. ಐದನೆಯದು ಆ ಚರ್ಚಿಗೆ ಸೇರಿದ ಮನೆಗಳಲ್ಲಿ ಯಾರು ಯಾರಿದ್ದಾರೆ, ಯಾರು ಯಾವ ಸಂಸ್ಕಾರ ಪಡೆದಿದ್ದಾರೆ ಎಂಬ ಮನೆವಾರು ಪಟ್ಟಿ. ಕರ್ನಾಟಕದ ಕರಾವಳಿಯಲ್ಲಿ ತೊಂಬತ್ತು ವರ್ಷ ಬಾಳಿದ ಕಥೋಲಿಕ ಗೃಹಿಣಿಯೊಬ್ಬಳನ್ನು ಇಂಥ ಪುಸ್ತಕಗಳಲ್ಲಿ ಹುಡುಕಹೊರಟವರಿಗೆ ಸಿಗುವುದು ಕೆಲವೇ ಸಾಲುಗಳು: ತಂದೆತಾಯಿಯ ಹೆಸರು, ಜ್ಞಾನಸ್ನಾನದ ದಿನ ಆಕೆಯನ್ನು ಎತ್ತಿಕೊಂಡಿದ್ದ ಜ್ಞಾನತಂದೆ ಜ್ಞಾನತಾಯಿಯರ ಹೆಸರು, ಗಂಡನ ಹೆಸರು, ಮದುವೆಗೆ ಸಾಕ್ಷಿ ನಿಂತವರ ಹೆಸರು, ಕೊನೆಗೆ ಸತ್ತ ದಿನ ಮತ್ತು ಮಣ್ಣು ಮಾಡಿದ ದಿನ. ಮದುವೆಗೂ ಮರಣಕ್ಕೂ ನಡುವಿನ ಆರೇಳು ದಶಕಗಳ ದುಡಿಮೆ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಅದು ಜನಗಣತಿಯಲ್ಲಿ ದುಡಿಮೆ ಎಂದು ಲೆಕ್ಕಕ್ಕೆ ಬಂದಿಲ್ಲ, ಆಸ್ತಿಪತ್ರಗಳಲ್ಲಿ ಅಪರೂಪಕ್ಕೆ ಮಾತ್ರ ಕಾಣುತ್ತದೆ, ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ‘ತ್ಯಾಗಮಯಿ’ ಎಂಬ ಒಂದು ವಿಶೇಷಣದ ಕೆಳಗೆ ಮುಚ್ಚಿಹೋಗುತ್ತದೆ. ಆಕೆಯ ಕೆಲಸವನ್ನು ಅದರ ಹೆಸರು, ವೇಳೆ, ಅಳತೆಗಳ ಸಮೇತ ವಿವರಿಸುವುದು ಆಕೆಯ ಗುಣಗಾನಕ್ಕಿಂತ ಹೆಚ್ಚು ನಿಷ್ಠವಾದ ಸ್ಮರಣೆ ಎಂಬುದು ಈ ಉಪನ್ಯಾಸದ ವಾದ.

ಇಲ್ಲಿ ಅಜ್ಜಿ ಎಂದು ಕರೆದಿರುವುದು ಒಬ್ಬ ವ್ಯಕ್ತಿಯನ್ನಲ್ಲ, ಒಂದು ತಲೆಮಾರನ್ನು. 1920 ಮತ್ತು 1930ರ ದಶಕಗಳಲ್ಲಿ ಅಂದಿನ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅಂದರೆ ಬಹುಮಟ್ಟಿಗೆ ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಕೊಂಕಣಿ ಮಾತನಾಡುವ ಕಥೋಲಿಕ ಮನೆಗಳಲ್ಲಿ ಹುಟ್ಟಿ, ಹೊಸ ಶತಮಾನದ ಮೊದಲ ಎರಡು ದಶಕಗಳವರೆಗೆ ಬಾಳಿದ ಹೆಂಗಸರ ತಲೆಮಾರು ಅದು. ಮನೆಯ ಮಕ್ಕಳು ಆಕೆಯನ್ನು ಕೊಂಕಣಿಯಲ್ಲಿ ‘ವ್ಹಡ್ಲಿಮಾಂಯ್’ ಎಂದು ಕರೆಯುತ್ತಿದ್ದರು. ಈ ಸಮುದಾಯದ ಪೂರ್ವಿಕರು ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ, 1560ರಲ್ಲಿ ಗೋವೆಯಲ್ಲಿ ನೆಲೆಯೂರಿದ ಧರ್ಮವಿಚಾರಣೆಯ ನ್ಯಾಯಾಲಯದ ಭಯ, ಬರ, ರೋಗ, ಪೋರ್ಚುಗೀಸರಿಗೂ ಮರಾಠರಿಗೂ ನಡೆದ ಯುದ್ಧಗಳು ಇವುಗಳಿಂದ ತಪ್ಪಿಸಿಕೊಂಡು ಅಲೆಅಲೆಯಾಗಿ ತೆಂಕಣಕ್ಕೆ ಬಂದವರು. ಕೆಳದಿಯ ನಾಯಕರ ಸೀಮೆಯಲ್ಲಿ ಬೇಸಾಯಕ್ಕೆ ಜನ ಬೇಕಾಗಿದ್ದುದರಿಂದ ಅವರಿಗೆ ನೆಲ ಸಿಕ್ಕಿತು. 1784ರ ಫೆಬ್ರವರಿಯ ವಿಭೂತಿ ಬುಧವಾರ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರಲ್ಲಿ ಬದುಕಿ ಉಳಿದವರು 1799ರ ಅನಂತರ ಮರಳಿದರು. ಈ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ, ಅದನ್ನು ಮತ್ತೆ ಹೇಳುವ ಅಗತ್ಯ ಇಲ್ಲಿಲ್ಲ. ಗಮನಿಸಬೇಕಾದ ಸಂಗತಿ ಒಂದೇ: ಸೆರೆಯಲ್ಲಿದ್ದ ಜನಕ್ಕೆ ಚರ್ಚು ಇರಲಿಲ್ಲ, ಕರಾವಳಿಯ ಗುರುಗಳು ಮೊದಲೇ ಗಡೀಪಾರಾಗಿದ್ದರು, ಹೀಗಿದ್ದೂ ಆ ಹದಿನೈದು ವರ್ಷ ಜಪತಪಗಳು ಉಳಿದವೆಂದರೆ ಅವು ಮನೆಯವರ ಬಾಯಿಯಲ್ಲೇ ಉಳಿದಿರಬೇಕು.

ಹಾಗೆ ಉಳಿಸುವ ಹೊಣೆ ಇಪ್ಪತ್ತನೆಯ ಶತಮಾನದ ಅಜ್ಜಿಯವರೆಗೂ ನಡೆದುಬಂತು. ಸಂಜೆ ಚರ್ಚಿನ ಗಂಟೆ ಬಾರಿಸಿದ ಮೇಲೆ ಮನೆಯ ಆಲ್ತಾರದ ಮುಂದೆ, ಅಂದರೆ ಗೋಡೆಯ ಮೇಲೆ ಶಿಲುಬೆಯನ್ನೂ ಸಂತರ ಪಟಗಳನ್ನೂ ಇಟ್ಟ ಮರದ ಪೀಠದ ಮುಂದೆ, ಮೇಣದ ಬತ್ತಿ ಹಚ್ಚಿ ‘ತೆರ್ಸ್’ ಹೇಳುವುದು ಕರಾವಳಿಯ ಕಥೋಲಿಕ ಮನೆಯ ನಿತ್ಯವಿಧಿ. ತೆರ್ಸ್ ಎಂದರೆ ಜಪಸರದ ಪ್ರಾರ್ಥನೆ. ಹತ್ತು ಹತ್ತು ಮಣಿಗಳ ಐದು ಗುಚ್ಛಗಳನ್ನು ಒಂದೊಂದಾಗಿ ಜಪಿಸುತ್ತ, ಪ್ರತಿ ಗುಚ್ಛಕ್ಕೂ ಯೇಸುವಿನ ಮತ್ತು ಮರಿಯಳ ಜೀವನದ ಒಂದೊಂದು ಘಟನೆಯನ್ನು ಧ್ಯಾನಿಸುವ ಕ್ರಮ ಅದು. ಈ ಘಟನೆಗಳಿಗೆ ರಹಸ್ಯಗಳೆಂದು ಹೆಸರು. ಅಜ್ಜಿ ಬಾಯಿಪಾಠ ಮಾಡಿದ ಕಾಲದಲ್ಲಿ ಅವು ಹದಿನೈದಿದ್ದವು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇನ್ನೂ ಐದನ್ನು ಸೇರಿಸಿದಾಗ ಇಳಿವಯಸ್ಸಿನಲ್ಲಿದ್ದ ಆಕೆ ಅವನ್ನೂ ಕಲಿಯಬೇಕಾಯಿತು. ಜಪಸರ ಮುಗಿದ ಮೇಲೆ ಮನೆಯ ಸತ್ತವರಿಗಾಗಿ ಪ್ರಾರ್ಥನೆ. ಯಾರನ್ನು ಮೊದಲು ನೆನೆಯಬೇಕು, ಎಳವೆಯಲ್ಲೇ ಸತ್ತ ಮಗು ಯಾವುದು, ಘಟ್ಟದ ಮೇಲೆ ತೋಟಕ್ಕೆ ಹೋದವನು ತಿರುಗಿ ಬಾರದ ವರ್ಷ ಯಾವುದು ಎಂಬ ಪಟ್ಟಿ ಆಕೆಯ ತಲೆಯಲ್ಲಿತ್ತು. ಚರ್ಚಿನ ಮರಣಪುಸ್ತಕಕ್ಕೆ ಮನೆಯೊಳಗೆ ಒಂದು ಪ್ರತಿ ಇದ್ದಿದ್ದರೆ ಅದು ಇದೇ. ಆಮೇಲೆ ‘ಬೆಸಾಂವ್’: ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು, ಹಿರಿಯರು ದೇವರ ಹೆಸರಿನಲ್ಲಿ ಹರಸುವುದು. ಹಗಲಿನಲ್ಲಿ ಅತ್ತೆ ಸೊಸೆಯರಿಗೆ ಮಾತು ನಿಂತಿದ್ದರೂ ಈ ಹೊತ್ತಿನಲ್ಲಿ ಸೊಸೆ ಕೈಮುಗಿಯಲೇಬೇಕಿತ್ತು, ಅತ್ತೆ ಹರಸಲೇಬೇಕಿತ್ತು. ಮನೆಯ ಜಗಳ ಮರುದಿನಕ್ಕೆ ಮುಂದುವರಿಯದಂತೆ ತಡೆಯುವ ಇಷ್ಟು ಸರಳ ವ್ಯವಸ್ಥೆಯನ್ನು ಕುಟುಂಬಶಾಸ್ತ್ರಜ್ಞರು ಇನ್ನೂ ಸರಿಯಾಗಿ ಗಮನಿಸಿಲ್ಲವೆಂದೇ ತೋರುತ್ತದೆ.

ಚರ್ಚಿನೊಳಗೆ ಆಕೆಯ ಸ್ಥಾನ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ, ಅಂದರೆ 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಜಗತ್ತಿನ ಬಿಷಪರ ಸಭೆಯವರೆಗೆ, ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು; ಗುರು ಜನರಿಗೆ ಬೆನ್ನು ಮಾಡಿ ಪೀಠದತ್ತ ಮುಖ ಮಾಡಿ ಹೇಳುತ್ತಿದ್ದ ಮಾತು ತನಗೆ ತಿಳಿಯದಿದ್ದುದರಿಂದ ಆಕೆ ಪೂಜೆಯ ಹೊತ್ತಿನಲ್ಲೂ ತನ್ನ ಜಪಸರವನ್ನೇ ಹಿಡಿದಿರುತ್ತಿದ್ದಳು. 1953ರವರೆಗೆ ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಆ ವರ್ಷ ನೀರಿಗೆ ಅನುಮತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ನಾಲ್ಕೈದು ಮೈಲಿ ಗದ್ದೆಯ ಬದುವಿನ ಮೇಲೆ ನಡೆದು, ಸಂಕ ದಾಟಿ, ಬಸುರಿಯಾಗಿದ್ದಾಗಲೂ ಖಾಲಿ ಹೊಟ್ಟೆಯಲ್ಲಿ ಪೂಜೆಗೆ ಹೋದ ಹೆಂಗಸಿಗೆ ಈ ಮೂರು ಇಸವಿಗಳ ಅರ್ಥ ದೇವಶಾಸ್ತ್ರಜ್ಞನಿಗಿಂತ ಚೆನ್ನಾಗಿ ಗೊತ್ತಿತ್ತು. ಅದೇ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆದು, ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಗಳೆಂದು ಹೇಳಿತು. ಅಜ್ಜಿಯ ಪಾಲಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಆದರೆ ಮನೆಯಲ್ಲಿ ಪ್ರತಿ ಸಂಜೆ ಪ್ರಾರ್ಥನೆಯ ಮುಂದಾಳಾಗಿದ್ದ ಅದೇ ಹೆಂಗಸಿಗೆ ಚರ್ಚಿನ ಪೀಠದ ಬಳಿ ಕೆಲಸವಿರಲಿಲ್ಲ. ವಾಚಕ ಮತ್ತು ಪೀಠಸೇವಕ ಎಂಬ ಅಧಿಕೃತ ಸೇವಾಪದವಿಗಳು ಹೆಂಗಸರಿಗೂ ತೆರೆದದ್ದು 2021ರಲ್ಲಿ, ಆ ತಲೆಮಾರು ಬಹುಪಾಲು ಮಣ್ಣಾದ ಮೇಲೆ.

ಆಕೆಯ ಓದಿನ ಕುರಿತು ಒಂದು ಮಾತು. ಶಾಲೆಯ ಮೂರು ನಾಲ್ಕು ತರಗತಿ ದಾಟದ ಬಹಳ ಹೆಂಗಸರು ಕನ್ನಡ ಲಿಪಿಯನ್ನು ಮರೆಯದೆ ಉಳಿಸಿಕೊಂಡದ್ದು ಕೊಂಕಣಿಯ ಜಪಪುಸ್ತಕಗಳಿಂದ ಮತ್ತು ಪತ್ರಿಕೆಗಳಿಂದ. 1912ರಲ್ಲಿ ‘ಕೊಂಕಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಮಂಗಳೂರಿನಲ್ಲಿ ಕನ್ನಡ ಲಿಪಿಯ ಕೊಂಕಣಿಯಲ್ಲಿ ಹೊರಟವು. ಮುಂಬಯಿಗೆ ದುಡಿಯಲು ಹೋದ ಮಗನಿಗೆ ಆಕೆ ಬರೆದ ಅಂಚೆಪತ್ರವೂ ಅದೇ ಲಿಪಿಯಲ್ಲಿ. ಅದಕ್ಕೂ ಹಿಂದಿನ ತಲೆಮಾರುಗಳಿಗೆ ಕಿವಿಯ ಓದು ಇತ್ತು: ಇಂಗ್ಲೆಂಡಿನಿಂದ ಬಂದ ಜೆಸ್ವಿತ್ ಗುರು ಥಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ ರಚಿಸಿ 1616ರಲ್ಲಿ ಗೋವೆಯಲ್ಲಿ ಮುದ್ರಿಸಿದ, ಹನ್ನೊಂದು ಸಾವಿರದಷ್ಟು ಓವಿಗಳ ‘ಕ್ರಿಸ್ತಪುರಾಣ’ವನ್ನು ಕರಾವಳಿಯ ಮನೆಗಳಲ್ಲಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ರಾಗವಾಗಿ ಓದಿಸಿ ಕೇಳುವ ರೂಢಿಯಿತ್ತು. 1907ರಲ್ಲಿ ಅದನ್ನು ಜೋಸೆಫ್ ಸಲ್ದಾನ್ಹಾ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಲು ಸಾಧ್ಯವಾದದ್ದು ಮನೆಗಳಲ್ಲಿ ಉಳಿದಿದ್ದ ಕೈಬರಹದ ಪ್ರತಿಗಳಿಂದ.

ಚರ್ಚಿನ ಪಂಚಾಂಗ ಆಕೆಯ ಅಡುಗೆಮನೆಯಲ್ಲಿ ಇನ್ನೊಂದು ರೂಪ ತಾಳುತ್ತಿತ್ತು. ಬೇಸಗೆಯಲ್ಲೇ ಮಾವಿನಮಿಡಿಯನ್ನೂ ಹಲಸಿನ ಸೊಳೆಯನ್ನೂ ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಇಟ್ಟು, ಹಪ್ಪಳ ಒಣಗಿಸಿ, ಒಣಮೀನನ್ನು ಮಳೆ ತಾಗದಂತೆ ಕಟ್ಟಿಟ್ಟು, ಮೆಣಸು ಕೊತ್ತಂಬರಿ ಹುರಿದು ಬಾಫಾತಿನ ಮಸಾಲೆಪುಡಿಯನ್ನು ವರ್ಷಕ್ಕಾಗುವಷ್ಟು ಕುಟ್ಟಿಟ್ಟುಕೊಳ್ಳದ ಮನೆ ಆಟಿ ತಿಂಗಳಲ್ಲಿ, ಕೆಲಸವೂ ಮೀನೂ ಇಲ್ಲದ ಆ ಮಳೆಗಾಲದ ನಡುವಿನಲ್ಲಿ, ಬರಿಯ ಗಂಜಿ ಉಣ್ಣಬೇಕಾಗುತ್ತಿತ್ತು. ಆ ಕಷ್ಟದ ತಿಂಗಳು ಕಳೆದು ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆ ತೆನೆಗಟ್ಟುವ ಹೊತ್ತಿಗೆ ಬರುವುದು ‘ಮೊಂತಿ ಫೆಸ್ತ್’, ಸೆಪ್ಟೆಂಬರ್ 8ರಂದು ಆಚರಿಸುವ ಮಾತೆ ಮರಿಯಳ ಜನ್ಮದಿನ. ಈ ಹಬ್ಬಕ್ಕೆ ಈಗಿನ ರೂಪ ಬಂದದ್ದು ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದ ಚರ್ಚಿನಲ್ಲಿ 1763ರಲ್ಲಿ, ಗೋವೆಯ ಗುರು ಜೋಕಿಂ ಮಿರಾಂದಾ ಅವರಿಂದ ಎಂಬುದು ಸಮುದಾಯದ ಚರಿತ್ರೆಯಲ್ಲಿ ನೆಲೆನಿಂತ ವಿಷಯ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂ ಒಯ್ದು ಬಾಲಮರಿಯಳ ಮೂರ್ತಿಗೆ ಹಾಕುತ್ತಾರೆ. ಬೆಳಗಾಗುವ ಮೊದಲೇ ಬೇಲಿಬದಿಯ ಹೂ ಯಾವುದು ಸಿಕ್ಕೀತೆಂದು ತಿಳಿದು ಮಕ್ಕಳನ್ನು ಎಬ್ಬಿಸುವವಳು ಅಜ್ಜಿ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು ಆಲ್ತಾರದ ಮೇಲಿಟ್ಟು, ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಮನೆಯ ಪ್ರತಿಯೊಬ್ಬರಿಗೂ ಹಂಚುವುದೇ ‘ನವೆಂ’, ಅಂದರೆ ಹೊಸತು. ಮೀನು ಮಾಂಸ ಬಿಟ್ಟು ಬಾಳೆಲೆಯಲ್ಲಿ ತರಕಾರಿಯ ಊಟ ಮಾಡುವ ಈ ಒಂದು ದಿನ ಕಥೋಲಿಕರ ಅಡುಗೆಮನೆ ನೆರೆಯ ಹಿಂದೂಗಳ ಹೊಸ ಅಕ್ಕಿಯ ಊಟಕ್ಕೆ ತೀರ ಹತ್ತಿರವಾಗುತ್ತದೆ. ಕೆಸು, ಹೀರೆ, ಬೆಂಡೆ, ಹರಿವೆ ಎರಡೂ ಕಡೆ ಒಂದೇ ಹಿತ್ತಿಲಿನವು. ದೂರದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹಾಕಿ ಅಂಚೆಗೆ ಕೊಡುವ ರೂಢಿ ಬಂದದ್ದು ಮುಂಬಯಿ ಮತ್ತು ಕೊಲ್ಲಿಯ ವಲಸೆಯ ಕಾಲದಲ್ಲಿ, ಮತ್ತು ಅದಕ್ಕೆ ಯಾವ ಗುರುವಿನ ಆಜ್ಞೆಯೂ ಇರಲಿಲ್ಲ. ಕ್ರಿಸ್ಮಸ್ಸಿನ ‘ಕುಸ್ವಾರ್’, ಅಂದರೆ ನೆವ್ರೆಯೊ, ಕಿಡಿಯೊ, ಗುಳಿಯೊ ಮೊದಲಾದ ಕರಿದ ತಿಂಡಿಗಳ ತಟ್ಟೆ, ಇದಕ್ಕಿಂತ ಹೆಚ್ಚು ಪ್ರಸಿದ್ಧ; ಬೇಕರಿಗಳಲ್ಲಿ ಸಿಗುವಂತಾದ ಮೇಲೆ ಅದರ ಬಗ್ಗೆ ಬರೆದವರೂ ಹೆಚ್ಚಾದರು.

ಇಷ್ಟರವರೆಗೆ ಹೇಳಿದ್ದನ್ನು ಭಕ್ತಿ ಮತ್ತು ಅಡುಗೆ ಎಂದು ಬದಿಗಿಡುವವರಿಗೂ ಮುಂದಿನದನ್ನು ಉದ್ಯೋಗವಲ್ಲವೆಂದು ಹೇಳುವುದು ಕಷ್ಟ. ಉಡುಪಿ ಜಿಲ್ಲೆಯ ಶಂಕರಪುರ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಕಥೋಲಿಕರ ಮನೆಯಂಗಳದ ಮಲ್ಲಿಗೆ ತೋಟ ಹಲವು ದಶಕಗಳಿಂದ ಮನೆಯ ನಗದು ಆದಾಯದ ಮೂಲ. ಇಂದು ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆ ಇದೇ. ಗಿಡ ಹೆಚ್ಚಿಲ್ಲದ ಮನೆಯಲ್ಲೂ ಕೆಲಸದ ವೇಳಾಪಟ್ಟಿ ಕಠಿಣ: ಮೊಗ್ಗು ಅರಳುವ ಮೊದಲು ಬೆಳಿಗ್ಗೆಯೇ ಕೊಯ್ಯಬೇಕು, ಕೂಡಲೇ ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಏರುವ ಮೊದಲು ಹೂ ಕೊಳ್ಳುವವರಿಗೆ ತಲಪಿಸಬೇಕು, ಏಕೆಂದರೆ ಅದು ಅದೇ ದಿನ ಮಂಗಳೂರಿಗೋ ಮುಂಬಯಿಗೋ ಹೊರಡಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ ಒಂದು ಅಟ್ಟೆಗೆ 3,200 ಹೂ. ದರ ದಿನದಿನಕ್ಕೆ ಬದಲಾಗುತ್ತದೆ, ಮದುವೆಯ ಮುಹೂರ್ತ, ದೇವಸ್ಥಾನದ ಉತ್ಸವ, ಭೂತದ ಕೋಲ, ನಾಗಮಂಡಲ ಇರುವಾಗ ಏರುತ್ತದೆ, ಅವು ಇಲ್ಲದಾಗ ಇಳಿಯುತ್ತದೆ. ಹೀಗಾಗಿ ಕಥೋಲಿಕ ಅಜ್ಜಿ ತನ್ನ ಚರ್ಚಿನ ಹಬ್ಬಗಳ ಜೊತೆಗೆ ನೆರೆಯವರ ಮುಹೂರ್ತದ ದಿನಗಳನ್ನೂ ತಿಳಿದಿರಬೇಕಿತ್ತು. ಆಕೆ ಕಟ್ಟಿದ ಹೂ ದೈವದ ಮುಡಿಗೂ ನಾಗನ ಕಲ್ಲಿಗೂ ಮದುಮಗಳ ಜಡೆಗೂ ಹೋಗುತ್ತಿತ್ತು, ಮತ್ತು ಇದರಲ್ಲಿ ಸೋಜಿಗಪಡುವಂಥದ್ದು ಆಕೆಗೆ ಏನೂ ಕಂಡಿರಲಿಲ್ಲ. ಕೊನೆಗೆ ಕೈಗೆ ಬರುತ್ತಿದ್ದ ಹಣವನ್ನು ಆಕೆ ಗಂಡನನ್ನು ಕೇಳದೆ ಖರ್ಚು ಮಾಡಬಲ್ಲವಳಾಗಿದ್ದಳೆಂಬುದು ಆ ಮನೆಗಳ ಹೆಣ್ಣುಮಕ್ಕಳ ಶಾಲೆಯ ಚರಿತ್ರೆಯನ್ನು ಬರೆಯುವವರು ಬಿಡಬಾರದ ವಿವರ. ತೋಟವಿಲ್ಲದ ಕಡೆ ಹೆಂಗಸರು ಬೀಡಿ ಸುತ್ತಿದರು, ಗೇರುಬೀಜದ ಕಾರ್ಖಾನೆಗೆ ಹೋದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು. ಮಲ್ಲಿಗೆ ಕಟ್ಟಿದವಳಿಗೆ ಅಂಥ ಕಾಯ್ದೆಯೂ ಇಲ್ಲ, ಆಕೆಯ ದುಡಿಮೆಯನ್ನು ಬರೆದಿಡುವ ಪುಸ್ತಕವೂ ಇಲ್ಲ.

ಸರ್ಕಾರದ ಲೆಕ್ಕದಲ್ಲಿ ಆಕೆಯ ಸ್ಥಾನವೇನು ಎಂಬುದನ್ನು ಸುಪ್ರೀಂ ಕೋರ್ಟು 2010ರ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ನಿಷ್ಠುರವಾಗಿ ಎತ್ತಿ ತೋರಿಸಿತು: 2001ರ ಜನಗಣತಿಯು ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಜೊತೆಗೆ ದುಡಿಯದವರ ವರ್ಗಕ್ಕೆ ಸೇರಿಸಿತ್ತು, ಹಾಗೆ ದುಡಿಯದವರೆನಿಸಿಕೊಂಡ ಹೆಂಗಸರು ಸುಮಾರು 36 ಕೋಟಿ. 2021ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, 2011ರ ಜನಗಣತಿಯಲ್ಲಿ ಮನೆಗೆಲಸವೇ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು 15.98 ಕೋಟಿ, ಗಂಡಸರು 57.9 ಲಕ್ಷ ಎಂಬುದನ್ನು ಉಲ್ಲೇಖಿಸಿ, ಗೃಹಿಣಿಗೆ ಆದಾಯವನ್ನು ಊಹಿಸಿ ಪರಿಹಾರ ಕೊಡುವುದು ನ್ಯಾಯವೆಂದು ಹೇಳಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ಗಂಡಸರು ಕಳೆದದ್ದು 97 ನಿಮಿಷ. ಆಸ್ತಿಯ ವಿಷಯದಲ್ಲಿ ಕಾನೂನು ಇದಕ್ಕಿಂತ ಉದಾರವಾಗಿತ್ತು: ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲಿಲ್ಲದೆ ಸತ್ತವನ ಆಸ್ತಿಯಲ್ಲಿ ಮಕ್ಕಳಿದ್ದರೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಆಚರಣೆಯಲ್ಲಿ ಹೆಣ್ಣುಮಕ್ಕಳ ಪಾಲು ‘ದೋತ್’, ಅಂದರೆ ಮದುವೆಯ ವರದಕ್ಷಿಣೆಯಲ್ಲೇ ತೀರಿತೆಂದು ಭಾವಿಸಿ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಅವರ ರುಜು ಹಾಕಿಸಿಕೊಂಡ ಮನೆಗಳು ಕಡಿಮೆಯಿಲ್ಲ. ರುಜು ಹಾಕಲು ಹೇಳಿದವರಲ್ಲಿ ತಾಯಿಯೂ ಇರುತ್ತಿದ್ದಳು.

ಸಾವಿನ ಸಂದರ್ಭದಲ್ಲಿ ಧರ್ಮಸಭೆ ತೋರುವ ಸಂಯಮ ಇಲ್ಲಿ ವಿಚಾರಾರ್ಹವಾಗಿದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು ಅಂತ್ಯಕ್ರಿಯೆಯ ಪೂಜೆಯಲ್ಲಿ ಸಾಮಾನ್ಯವಾಗಿ ಚಿಕ್ಕ ಪ್ರಬೋಧನೆ ಇರಬೇಕು, ಸತ್ತವರ ಗುಣಗಾನ ಮಾತ್ರ ಯಾವ ಬಗೆಯಲ್ಲೂ ಕೂಡದು ಎಂದು ವಿಧಿಸುತ್ತವೆ. ಸತ್ತವರಿಗೆ ಬೇಕಾದದ್ದು ಪ್ರಾರ್ಥನೆ, ಪ್ರಶಸ್ತಿಯಲ್ಲ ಎಂಬುದು ಅದರ ಹಿಂದಿನ ದೃಷ್ಟಿ. ಪ್ರಶಸ್ತಿಯ ಆಸೆ ಆಮೇಲೆ ಬೇರೆ ಬಾಗಿಲಿನಿಂದ ಬರುತ್ತದೆ: ಚರ್ಚಿನ ಅಂಗಳದ ಮಾತಿನಲ್ಲಿ, ಪತ್ರಿಕೆಯ ಭಾವಚಿತ್ರದ ಕೆಳಗೆ, ‘ಮ್ಹಯ್ನ್ಯಾಳೆಂ’ ಎನ್ನುವ ತಿಂಗಳ ಪೂಜೆಯ ಬಳಿಕದ ಊಟದಲ್ಲಿ. ಅಲ್ಲಿ ಆಕೆ ಎಂದೂ ಸಿಟ್ಟಾಗದವಳು, ತನಗಾಗಿ ಏನನ್ನೂ ಕೇಳದವಳು ಎಂಬ ಮಾತು ಬಂದೇ ಬರುತ್ತದೆ. ಈ ಮಾತಿನಲ್ಲಿ ಪ್ರೀತಿ ಇದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಏನನ್ನೂ ಕೇಳದವಳೆಂದು ಹೊಗಳಿದವರು ಆಕೆಗೆ ಏನನ್ನು ಕೊಡಬೇಕಿತ್ತು ಎಂಬ ಪ್ರಶ್ನೆಯಿಂದ ಸುಲಭವಾಗಿ ಪಾರಾಗುತ್ತಾರೆ. ಜೊತೆಗೆ ಆಕೆಯ ಅಧಿಕಾರವೂ ಆ ಹೊಗಳಿಕೆಯಲ್ಲಿ ಕಾಣೆಯಾಗುತ್ತದೆ. ಅಕ್ಕಿಯ ಪೆಟ್ಟಿಗೆಯ ಬೀಗದಕೈ ಯಾರಲ್ಲಿತ್ತು, ಸೊಸೆ ತವರಿಗೆ ಹೋಗುವ ದಿನವನ್ನು ಯಾರು ನಿಶ್ಚಯಿಸಿದರು, ಹೊಸದಾಗಿ ಹುಟ್ಟಿದ ಮಗುವಿಗೆ ಯಾವ ಅಜ್ಜನ ಅಥವಾ ಅಜ್ಜಿಯ ಹೆಸರಿಡಬೇಕೆಂದು ಕೊನೆಯ ಮಾತು ಯಾರದಾಗಿತ್ತು ಎಂದು ವಿಚಾರಿಸಿದರೆ ಬಹಳ ಮನೆಗಳಲ್ಲಿ ಉತ್ತರ ಒಂದೇ.

ಆ ಅಧಿಕಾರ ಯಾವಾಗಲೂ ಹಿತಕರವಾಗಿರಲಿಲ್ಲ. ಗೋವೆಯಿಂದ ಬರುವಾಗ ಈ ಸಮುದಾಯ ಬಾಮಣ್, ಚಾರೊಡಿ, ಸುದಿರ್ ಎಂಬ ಜಾತಿಭೇದಗಳನ್ನೂ ತನ್ನೊಂದಿಗೆ ತಂದಿತ್ತು. ಒಂದೇ ಪೀಠದಿಂದ ಪರಮಪ್ರಸಾದ ಪಡೆದವರು ಮದುವೆಯ ಮಾತು ಬಂದಾಗ ಈ ಭೇದವನ್ನು ಇಪ್ಪತ್ತನೆಯ ಶತಮಾನದಲ್ಲೂ ನೋಡುತ್ತಿದ್ದರು. ವರನ ಮನೆಯ ಮೂಲ ಯಾವುದು, ಆ ಮನೆಯಲ್ಲಿ ಮೂರು ತಲೆಮಾರಿನ ಹಿಂದೆ ಎಲ್ಲಿಂದ ಹೆಣ್ಣು ತಂದಿದ್ದರು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅಜ್ಜಿಯ ನೆನಪಿನಲ್ಲಿತ್ತು. ಸಂಜೆಯ ಜಪದಲ್ಲಿ ಸತ್ತವರ ಹೆಸರು ಹೇಳುತ್ತಿದ್ದ ನೆನಪು ಇದೇ ಆಗಿತ್ತು. ಆಕೆ ಬೇಡವೆಂದದ್ದರಿಂದ ಮುರಿದುಬಿದ್ದ ಸಂಬಂಧಗಳು, ಮನಸ್ಸಿಲ್ಲದ ಕಡೆ ಕೊಟ್ಟ ಹೆಣ್ಣುಮಕ್ಕಳು, ಮುಂಬಯಿಯಲ್ಲಿ ತಾನೇ ಮದುವೆಯಾಗಿ ವರ್ಷಗಟ್ಟಲೆ ಊರ ಮನೆಯ ಮೆಟ್ಟಿಲು ಹತ್ತದ ಮಗ, ಇವರೂ ಆಕೆಯ ಕಥೆಯ ಪಾತ್ರಗಳೇ. ಮುಂದೆ ಮೊಮ್ಮಕ್ಕಳ ಕಾಲದಲ್ಲಿ, ಕೊಲ್ಲಿಯಲ್ಲಿ ದುಡಿಯುವ ತಂದೆತಾಯಿಯ ಮಕ್ಕಳನ್ನು ಊರಿನಲ್ಲಿ ತಾನೇ ಸಾಕಿ ಬೆಳೆಸಿದ ಮೇಲೆ, ಅದೇ ಹೆಂಗಸು ಅನ್ಯಜಾತಿಯ, ಕೆಲವೊಮ್ಮೆ ಅನ್ಯಧರ್ಮದ ಮೊಮ್ಮಗನ ಹೆಂಡತಿಗೆ ‘ಬೆಸಾಂವ್’ ಕೊಟ್ಟದ್ದೂ ಉಂಟು. ಎಪ್ಪತ್ತರಲ್ಲಿ ಒಪ್ಪದ್ದನ್ನು ಎಂಬತ್ತೈದರಲ್ಲಿ ಒಪ್ಪಿದ್ದು ದೀರ್ಘಾಯುಷ್ಯದ ಫಲವೋ, ಮಾತು ನಡೆಯುವ ಕಾಲ ಮುಗಿಯಿತೆಂಬ ಅರಿವೋ ಎಂಬುದನ್ನು ಆಯಾ ಮನೆಯ ಸೊಸೆಯಂದಿರನ್ನೇ ಕೇಳಬೇಕು.